ಚಪ್ಪಲಿ ಬೀರು

ವಿಜಯನಗರದ ದರ್ಶಿನಿಯಲ್ಲಿ ನಾಲ್ಕು ಜನ ನಿಂತಿದ್ದೇವೆ.
ಏನ್ ಕೊಡ್ಲಿ, ಕ್ಯಾಷಿಯರ್ ಕೇಳುತ್ತಾನೆ.
ಒಬ್ಬರ ಮುಖ ಒಬ್ಬರು ನೋಡುತ್ತೇವೆ.
ಇಡ್ಲಿಯೋ, ಖಾರಾಬಾತೋ.
ಹಿಂದೆ ಹೆಲ್ಮೆಟ್ ಹುಡುಗ ಗೊಣಗುತ್ತಾನೆ.
ಹನ್ನೊಂದು ವರ್ಷ ನಮ್ಮ ಪರವಾಗಿ
ಬೇರೊಬ್ಬನಿಗೇ ಹಸಿವಾಗುತ್ತಿತ್ತು.

ಬಿಟ್ಟು ಬಂದು ಆರು ವರ್ಷ.
ತಿಪ್ಪೇಶಿ ಈಗಲೂ ನಾಲ್ಕೂಕಾಲಿಗೆ ಎದ್ದು
ಯಾರೂ ಕೂಗದ ಹಾಜರಿಗೆ ಗೋಡೆಗೊರಗಿ ಕೂರುತ್ತಾನಂತೆ.
ಪಂಕಜಾಕ್ಷಿ ಹೊಸ ಸೀರೆ ಕೊಂಡರೆ
ನೀರಿಗೆ ಹಾಕಿ, ಹಳೆಯದು ಮಾಡಿ, ಆಮೇಲೆ ಉಡುತ್ತಾಳೆ.
ಸಂಪಂಗಿ ಏನೂ ಹೇಳುವುದಿಲ್ಲ.
ಕಾಫಿಯಲ್ಲಿ ಚಮಚ ತಿರುಗಿಸುತ್ತಾನೆ,
ಸಕ್ಕರೆ ಯಾವಾಗಲೋ ಕರಗಿದೆ.

ಮಾಗಡಿ ರಸ್ತೆ. ಟೈಲ್ಸ್ ಅಂಗಡಿಯ ಮೇಲೆ ಮೂರನೇ ಮಹಡಿ.
ಬೆಳಕಿನ ಮನೆ ಅಂತ ಬೋರ್ಡು.
ಕೆಳಗೆ ಇಡೀ ದಿನ ಕಲ್ಲು ಕೊಯ್ಯುವ ಸದ್ದು,
ಮೇಲೆ ಅಯ್ಯ, ಸದ್ದೇ ಇಲ್ಲದ ಮನುಷ್ಯ.
(ಈಗ ಅವನು ಅನ್ನುತ್ತೇವೆ. ನಾಲಗೆ ಇನ್ನೂ ತಡೆಯುತ್ತದೆ.)
ಬೈದವನಲ್ಲ, ಕೈ ಎತ್ತಿದವನಲ್ಲ.
ನಿನಗೇ ಗೊತ್ತಲ್ಲ, ಅನ್ನುವನು, ಅಷ್ಟೇ.
ಆಮೇಲೆ ಮೂರು ದಿನ ಹುಡುಕುತ್ತಿದ್ದೆವು
ಏನು ಗೊತ್ತು ಅಂತ.
ಸಿಗದಿದ್ದರೆ ಒಂದು ತಪ್ಪು ಮಾಡಿಯಾದರೂ
ತಂದು ಪಾದಕ್ಕೆ ಇಡುತ್ತಿದ್ದೆವು.

ಅಹಂಕಾರ ಬಾಗಿಲಲ್ಲೇ ಬಿಟ್ಟು ಬನ್ನಿ ಅಂದಿದ್ದ.
ಅಹಂಕಾರ ನನಗೆ ಕಾಣಲಿಲ್ಲ, ಚಪ್ಪಲಿ ಕಂಡಿತು.
ಅದನ್ನು ಕಾಯುವ ಸೇವೆ ನನ್ನದು.
ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದ ಕೈ, ಲೆಕ್ಕ ತಪ್ಪದ ಕೈ:
ಎಪ್ಪತ್ತೆರಡು ಜೋಡಿ, ಕಬ್ಬಿಣದ ಬೀರು, ಒಂದು ಕೀಲಿ.
ಹಿಮ್ಮಡಿ ಸವೆದದ್ದು ತಿಪ್ಪೇಶಿಯದು,
ಉಂಗುಷ್ಟಕ್ಕೆ ಪಿನ್ನು ಹಾಕಿದ್ದು ಪಂಕಜಾಕ್ಷಿಯದು.
ರಾತ್ರಿ ಬೀಗ ಹಾಕು ಅಂತ ಅಯ್ಯ ಹೇಳಿರಲಿಲ್ಲ.
ಒಂದು ಸಂಜೆ ಬೀರು ನೋಡಿದ, ನನ್ನ ನೋಡಿದ.
ನನಗೇ ಗೊತ್ತಾಯಿತು.

ಇವತ್ತೂ ಮಾತು ಅವನದೇ.
ಪಂಕಜಾಕ್ಷಿಯ ಸೈಟು ಯಾರ ಹೆಸರಿಗಾಯಿತು,
ತಿಪ್ಪೇಶಿಯ ಆಟೋ ಮಾರಿದ ದುಡ್ಡು ಎಲ್ಲಿಗೆ ಹೋಯಿತು.
ಬೈಯುತ್ತಾರೆ. ನಾನೂ ಬೈಯುತ್ತೇನೆ,
ಎಲ್ಲರಿಗಿಂತ ತುಸು ಜೋರಾಗಿ.

ಸಂಪಂಗಿ ಚಮಚ ಕೆಳಗಿಟ್ಟ.
ಅಕ್ಕಾ, ನಮ್ಮವ್ವ ವಿಕ್ಟೋರಿಯಾದಲ್ಲಿದ್ದ ರಾತ್ರಿ
ಚಪ್ಪಲಿ ಕೇಳ್ದೆ. ನೀವು ಮೇಲೆ ಹೋಗಿ ಬಂದ್ರಿ.
ಬೇಡ ಅಂದ್ರು, ಅಂದ್ರಿ.
ಅವನು ಏನಂದ? ಸರಿಯಾಗಿ ಹೇಳಿ.
ಯಾವ ಮಾತಲ್ಲಿ ಅಂದ?

ದೋಸೆ ಕಲ್ಲಿಗೆ ನೀರು ಬಿದ್ದು ಚುಯ್ ಅಂದಿತು.

ಮೇಲೆ ಹೋಗಿದ್ದೆ. ಇಪ್ಪತ್ತೆರಡು ಮೆಟ್ಟಿಲು.
ಅಯ್ಯ ಮಲಗಿದ್ದ, ಬಾಯಿ ತೆರೆದು,
ದೇವರ ಹಾಗಲ್ಲ, ನಮ್ಮ ಭಾವನ ಹಾಗೆ, ಗೊರಕೆ ಹೊಡೆಯುತ್ತ.
ಎಬ್ಬಿಸಲಿಲ್ಲ.
ನೂರು ಎಣಿಸುವಷ್ಟು ಹೊತ್ತು ಬಾಗಿಲಲ್ಲಿ ನಿಂತು
ಇಳಿದು ಬಂದೆ.
ಆ ಬೇಡ ನನ್ನದು.
ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ
ಅವನ ದನಿ ನನ್ನ ಬಾಯಿಗೆ ಕೂತಿತ್ತು.
ಖುಷಿಯೂ ಆಗಿತ್ತು.

ಇಷ್ಟನ್ನೂ ಹೇಳಿದೆ. ಖುಷಿಯದನ್ನೂ.

ಬೆಳಿಗ್ಗೆ ಬರಿಗಾಲಲ್ಲೇ ಹೋದೆ, ಅಂದ ಸಂಪಂಗಿ.
ಮಾರ್ಕೆಟ್ ಫ್ಲೈಓವರ್ ಕೆಳಗೆ ಕೊಳೆತ ಹೂವು,
ಜಾರ್ತಿತ್ತು.
ಅವ್ವನ ಮಂಚದ ಮೇಲೆ ಬೇರೆ ಯಾರೋ ಇದ್ರು,
ಬ್ರೆಡ್ ತಿಂತಿದ್ರು.

ತಿಪ್ಪೇಶಿ ಬಿಲ್ಲು ಕೊಡಲು ಓಡಿದ,
ಇಲ್ಲಿ ಮೊದಲೇ ಕೊಟ್ಟಾಗಿದೆ ಅನ್ನುವುದನ್ನು ಮರೆತು.
ಪಂಕಜಾಕ್ಷಿ ನನ್ನ ಕಾಲು ನೋಡುತ್ತಿದ್ದಳು.
ಕೀಲಿ ಇನ್ನೂ ಅಕ್ಕಿ ಡಬ್ಬಿಯಲ್ಲಿದೆ,
ಅದೊಂದು ಹೇಳಲಿಲ್ಲ.

ಬಸ್ಸು ಬಂತು, ಹತ್ತಿದೆ.
ಮುಂದಿನ ಭಾನುವಾರ ನಾನು ಬರಬಹುದೋ ಬಾರದೋ
ಕೇಳಬೇಕಿತ್ತು.
ಯಾರನ್ನು ಅಂತ ತಿಳಿಯಲಿಲ್ಲ.