ಗುರುವಾರದ ಡಬ್ಬಿ

ವೇಳಾಪಟ್ಟಿಯಲ್ಲಿ ಮೊದಲು ‘ಆಟ’ ಎಂದಿದ್ದ ಕಡೆ
ಬಿಳಿ ಬಳಿದು ‘ಯುವ ವಿಕಸನ’ ಎಂದು ಬರೆದಿದ್ದಾರೆ,
ಗುರುವಾರ, ಕೊನೆಯ ಎರಡು ಪೀರಿಯಡ್.
ಬೆಳಕಿಗೆ ಹಿಡಿದರೆ ಇನ್ನೂ ‘ಆಟ’ವೇ ಕಾಣುತ್ತದೆ.

ಅದಕ್ಕೇ ಒಂಬತ್ತನೆಯ ತರಗತಿ ನನ್ನನ್ನು ಕ್ಷಮಿಸಿಲ್ಲ.
ಗೋಡೆಗೆ ಒರಗಿಸಿದ ಹಾಕಿ ಕೋಲುಗಳು
ಪಾಠದ ಉದ್ದಕ್ಕೂ ಒಂದೊಂದಾಗಿ ಜಾರಿ ಬೀಳುತ್ತವೆ,
ಯಾರೂ ಮುಟ್ಟಿರುವುದಿಲ್ಲ.

ಸಿದ್ದಾಪುರ ದಾಟಿ ಮಾಲ್ದಾರೆಯ ಕಡೆಗೆ
ಸ್ಕೂಟರಿನಲ್ಲಿ ನಾನು, ಬೆನ್ನಿಗೆ ಸುತ್ತಿಕೊಂಡ ಚಾರ್ಟು:
ನಾಯಕತ್ವದ ಏಳು ಗುಣಗಳು.
ಐದನೆಯದಕ್ಕೆ ಬರುವಷ್ಟರಲ್ಲಿ ಇಲಾಖೆಯ ಜೀಪು
ಮೈಕಿನಲ್ಲಿ ಕೂಗುತ್ತದೆ: ತೋಟದಲ್ಲಿ ಆರಿವೆ, ಮರಿಯೂ ಇದೆ.
ರೇವಣಸಿದ್ಧಪ್ಪ ಮಾಷ್ಟ್ರು ಮೂರಕ್ಕೇ ಗಂಟೆ ಹೊಡೆಸುತ್ತಾರೆ.
ಮೂರು ವರ್ಷವಾಯಿತು. ಆರನೆಯದು, ಏಳನೆಯದು
ಈ ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ.
ನನಗೂ ಈಗ ಮರೆತಂತಿದೆ.

ಕೈಪಿಡಿಯಲ್ಲಿ ‘ನಿರ್ಧಾರ ಕೈಗೊಳ್ಳುವುದು’ ಪಾಠಕ್ಕೆ
ನಾಲ್ಕು ರಸ್ತೆಯ ಚಿತ್ರ, ಸಿಗ್ನಲ್ಲು, ಟೈ ಕಟ್ಟಿದ ಹುಡುಗ.
ಲಿಖಿತ್ ಎದ್ದು ಕೇಳಿದ,
‘ದೀಪ ಇದ್ದ ಮೇಲೆ ಇವನು ನಿರ್ಧಾರ ಮಾಡೋದೇನು ಮೇಡಂ?’
ಲದ್ದಿಯಲ್ಲಿ ಹಬೆಯಿದ್ದರೆ ಹಿಂದಕ್ಕೆ,
ತಣ್ಣಗಿದ್ದರೆ ಮುಂದಕ್ಕೆ,
ಹಾಗೆ ಬೆಳಿಗ್ಗೆ ಶಾಲೆಗೆ ಬಂದವನು ಅವನು.
ಪುಟ ತಿರುಗಿಸಿದೆ.

ಆಮೇಲೆ ಡಬ್ಬಿ ತಂದೆ.
ಕಾಫಿಪುಡಿಯ ಹಳೆಯ ಡಬ್ಬಿ, ಮುಚ್ಚಳಕ್ಕೊಂದು ಸೀಳು.
ಹೆಸರು ಬೇಡ, ಏನಾದರೂ ಬರೆದು ಹಾಕಿ,
ಯಾರದೆಂದು ನಾನು ಕೇಳುವುದಿಲ್ಲ.
ಚಿಕೋರಿ ವಾಸನೆ ಹತ್ತಿದ ಚೀಟಿಗಳು ಬಂದವು.

‘ಹಾಕಿ ಪೀರಿಯಡ್ ವಾಪಸ್ ಕೊಡಿ’
(ಹನ್ನೊಂದು ಚೀಟಿ, ಹನ್ನೊಂದು ಪೆನ್ನು, ಒಂದೇ ಕೈಬರಹ).
‘ಲೈನ್‌ಮನೆಯಲ್ಲಿ ಬಲ್ಬು ಒಂದೇ. ಅದರ ಕೆಳಗೆ ಅಪ್ಪ ಮಲಗ್ತಾರೆ.’
‘ಮುಟ್ಟಾದಾಗ ಹೊಳೆಗೆ ಇಳಿದರೆ ಹೊಳೆಗೆ ಏನಾಗುತ್ತೆ?’
‘ಧೈರ್ಯ ಅಂದ್ರೆ ಹೆದರಿಕೆ ಇಲ್ಲದೆ ಇರೋದಾ, ಹೇಳದೆ ಇರೋದಾ?’
ಮತ್ತೆ ಒಂದು, ಎಂಟು ಮಡಿಕೆ ಮಡಿಸಿದ್ದು,
ಬಿಡಿಸಿದರೆ ಖಾಲಿ.

ಮುಂದಿನ ವಾರವೂ ಖಾಲಿ. ಅದರ ಮುಂದಿನ ವಾರವೂ.
ಮಡಿಕೆ ಮಾತ್ರ ಅಷ್ಟೇ ಅಚ್ಚುಕಟ್ಟು.
ಕಿಟಕಿ ಪಕ್ಕದ ಚುಕ್ಕಿ ಎಂದುಕೊಂಡೆ,
ಸದಾ ನಗುವ ಫಸೀಲ ಎಂದುಕೊಂಡೆ,
ಕೇಳುವುದಿಲ್ಲ ಎಂದವಳು ಎಲ್ಲರ ಬೆರಳು ನೋಡುತ್ತ ನಿಂತೆ.
ನಾಚಿಕೆಯಾಯಿತು.

ನಾಲ್ಕನೆಯ ಸಲ, ಉಳಿದ ಚೀಟಿಗಳನ್ನು ಓದಿದ ಹಾಗೆಯೇ
ಅದನ್ನೂ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು,
ಮೇಲಿನಿಂದ ಕೆಳಗಿನವರೆಗೆ ಕಣ್ಣು ಓಡಿಸಿ ಹೇಳಿದೆ:
‘ಇದನ್ನೂ ಓದಿದೆ.’
ಅವತ್ತು ಒಂದು ಕೋಲೂ ಬೀಳಲಿಲ್ಲ.

ತಿಂಗಳ ಕೊನೆಗೆ ಫೋನು:
‘ಬಂದ ಪ್ರಶ್ನೆ ಹದಿನಾಲ್ಕು, ನೀವು ಹದಿನೆಂಟು ಬರೆದಿದ್ದೀರಿ.’
ಹೌದು ಸರ್, ಎಣಿಸಿಯೇ ಬರೆದದ್ದು.
‘ಉಳಿದ ನಾಲ್ಕರ ವಿಷಯ?’
ಆ ಕಾಲಂ ಚಿಕ್ಕದಿದೆ ಸರ್, ಹಿಡಿಸುವುದಿಲ್ಲ.

ಜನವರಿ ಬಂತು. ರೋಬಸ್ಟಾ ಹಣ್ಣಾಯಿತು.
ಕೂಲಿ ಕಿಲೋ ಲೆಕ್ಕ, ಅಮ್ಮನ ಚೀಲಕ್ಕೆ ಎರಡು ಕೈ ಜಾಸ್ತಿ ಬೇಕು,
ಬೆಂಚುಗಳು ಅರ್ಧ.
ಇದ್ದವರನ್ನು ಮೈದಾನಕ್ಕೆ ಬಿಟ್ಟೆ, ಕೈಪಿಡಿಗೆ ತಿಳಿಯದ ಹಾಗೆ.
ಗೋಲಿಗೆ ಯಾರೂ ಇರಲಿಲ್ಲ. ಚೂಡಿದಾರದ ಸೆರಗು ಸೊಂಟಕ್ಕೆ ಬಿಗಿದು
ನಾನೇ ನಿಂತೆ. ಏಳು ಗೋಲು.
ಲಿಖಿತ್ ಹತ್ತಿರ ಬಂದು, ‘ಡಬ್ಬಿ ಮೇಡಂ,
ಚೆಂಡು ನೋಡಬೇಡಿ, ಹೊಡೆಯುವವನ ಕಾಲು ನೋಡಿ’ ಎಂದ.
ಪಾಠ ಎಂದು ಬರೆದುಕೊಂಡೆ.
ಡಬ್ಬಿ ಅಲ್ಲಾಡಿಸಿದರೆ ಎರಡೇ ಚೀಟಿಯ ಸದ್ದು.
ಎಂಟು ಮಡಿಕೆಯದು ಇರಲಿಲ್ಲ.

ಫೆಬ್ರವರಿಯ ಕೊನೆಯ ಗುರುವಾರ
ಒಬ್ಬೊಬ್ಬರಾಗಿ ಬಂದು ಕೂತರು.
ಅಂಗೈ ಸೀಳಿತ್ತು, ಉಗುರಿನ ಬುಡ ಕಪ್ಪು, ಎಲ್ಲರದೂ.
ಇನ್ನು ಯಾರ ಬೆರಳು ನೋಡಿ ಏನು ತಿಳಿದೀತು!

ಎಂಟು ಮಡಿಕೆ ಬಿಡಿಸಿದೆ.
ಅಕ್ಷರವಿಲ್ಲ. ಮೂಲೆಯಲ್ಲಿ ಕಾಫಿಹಣ್ಣಿನ ಅಂಟು,
ಅದರಲ್ಲಿ ಅರ್ಧ ಹೆಬ್ಬೆಟ್ಟು.
ಜೀಪು ಆಗಲೇ ತಿರುವಿನಲ್ಲಿ ಕೂಗುತ್ತಿತ್ತು,
ಮಾಷ್ಟ್ರು ಗಂಟೆಯತ್ತ ನಡೆದಿದ್ದರು.
ಯಾರೂ ಚೀಲಕ್ಕೆ ಕೈ ಹಾಕಲಿಲ್ಲ.

ಓದಿದೆ.
ಈ ಸಲ ಸ್ವಲ್ಪ ಹೊತ್ತು ಹಿಡಿಯಿತು.