ಹನ್ನೊಂದರವರೆಗೆ

ನಿಜ ಬಾಯಿಬಿಡುವುದು
ಬಾಗಿಲ ಹಿಡಿಗೆ ಕೈಯಿಟ್ಟ ಮೇಲೆಯೇ, ನೋಡ್ತಿರು,
ಅನ್ನುತ್ತಿದ್ದರು ಡಾಕ್ಟರ್ ಲೊರೆಟಾ ಟಿಜರ್ಡ್.
ಕೇಳಿದ ಮೇಲೆ ಸುಮ್ಮನಿರು. ಮನಸ್ಸಲ್ಲೇ ಹನ್ನೊಂದರವರೆಗೆ ಎಣಿಸು.
ಯಾಕೆ ಹನ್ನೊಂದು?
ಹತ್ತಕ್ಕೆ ಎಲ್ಲರೂ ನಿಲ್ಲಿಸುತ್ತಾರೆ.

ನ್ಯೂಫೌಂಡ್‌ಲ್ಯಾಂಡಿನ ಆ ದಂಡೆಯಲ್ಲಿ
ಮೀನು ಮುಗಿದ ವರ್ಷ
ಸಿರಿಲ್ ಕೀಪಿಂಗ್ ಮೊಣಕಾಲು ನೋವೆಂದು ಬಂದ.
ನಾನು ಮೊಣಕಾಲನ್ನೇ ನೋಡಿದೆ.
ಅವರು ಬೂಟು ನೋಡಿದರು: ಉಪ್ಪಿನ ಕಲೆಯಿಲ್ಲ.
ದೋಣಿ ಮಾರಿದೆಯಾ?
ಆಮೇಲೆ ಮುಕ್ಕಾಲು ಗಂಟೆ
ಮೊಣಕಾಲಿನ ಸುದ್ದಿಯೇ ಬರಲಿಲ್ಲ.

ಇಂಥದನ್ನೆಲ್ಲ ಕೂಡಿಸಿ ಪ್ರಬಂಧ ಬರೆದರು,
ನಾನೂರ ಹನ್ನೆರಡು ಜನ, ಇಪ್ಪತ್ತಾರು ವರ್ಷ.
ಮಾದರಿ ತೀರ ಚಿಕ್ಕದು ಎಂದು ವಾಪಸು ಬಂತು.
ಊರಲ್ಲಿರುವುದೇ ಅಷ್ಟು ಜನ, ಎಂದು ನಕ್ಕು
ಆ ಕಾಗದದ ಬೆನ್ನಿಗೇ ಯಾರಿಗೋ
ಮಾತ್ರೆ ನುಂಗುವ ಹೊತ್ತು ಬರೆದುಕೊಟ್ಟರು,
ದೊಡ್ಡಕ್ಷರದಲ್ಲಿ.

ಪ್ರೊಫೆಸರ್ ಎಂಬ ಫಲಕ ಈಗ ನನ್ನ ಬಾಗಿಲಿಗೆ.
ನಿನ್ನೆ ಬಂದಿದ್ದರು,
ಚೀಟಿ ಮಾಡಿಸಿ, ಸರದಿಯಲ್ಲಿ ಕೂತು.
ನಿದ್ದೆ ಸರಿಯಿಲ್ಲ, ಅಷ್ಟೇ, ಅಂದರು.
ಬಿ.ಪಿ. ನೋಡಿದೆ. ಮಂಜಿನ ಮಾತಾಡಿದೆವು.
ಕೋಟು ತೊಟ್ಟು, ಗುಂಡಿ ಹಾಕಲು ಹೋಗಿ,
ಮತ್ತೊಮ್ಮೆ ಹೋಗಿ,
ಬಿಟ್ಟು,
ಬಾಗಿಲ ಹಿಡಿಗೆ ಕೈಯಿಟ್ಟರು.

ಏಳು. ಎಂಟು.
ಒಂಬತ್ತು.