ಸೈಡ್ ವಿಂಗು

ಆರತೈತಿ ಚಹಾ, ಮೊದಲ ಕುಡಿ.
ಕಾರ್ಡು ಛಲೋ ಮಾಡಿಸಿದಿ ತಮ್ಮಾ, ಬಂಗಾರದ ಅಕ್ಷರ,
'ಆರ್ಟಿಸ್ಟ್ ಮ್ಯಾನೇಜರ್' ಅಂತ ಉಬ್ಬಿ ನಿಂತೈತಿ,
ಬೆರಳಾಡಿಸಿದರ ಕುರುಡಗೂ ತಿಳಿತೈತಿ.
ಎದ್ದು ಕಾಣೂದು ಹ್ಯಾಂಗ ಅಂತ ಕೇಳಿದಿ.
ಇದಕ್ಕ ಫೀಜು ತಗೊಂಡು ಉತ್ತರ ಹೇಳವರು
ಪುಣೆದಾಗ ಗಲ್ಲಿಗೊಬ್ಬರು ಅದಾರ,
ನನ್ನ ಹತ್ರ ಯಾಕ ಬಂದಿ?

ಆಕುರ್ಡಿಯ ಸ್ಕೂಟರ್ ಫ್ಯಾಕ್ಟರಿಯೊಳಗ
ನಟ್ಟು ಬೋಲ್ಟು ಎಣಿಸಾಂವ ನಾನು.
ಹೇಮಾಂಗಿಬಾಯಿ ಖರೆ ಅವರ ತಂಬೂರಿ ಒಂದಿನ
ಶಿವಾಜಿನಗರ ಸ್ಟೇಷನ್ನಿನಾಗ ಎತ್ತಿ ಕೊಟ್ಟೆ.
ಇಪ್ಪತ್ತಾರು ವರ್ಷ ಆತು,
ಇನ್ನೂ ಕೆಳಗ ಇಟ್ಟಿಲ್ಲ.

ಬರಕೋತೀನಿ ಅಂದರ ಏನು ಬರಸಲಿ?
ತಂಬೂರಿ ಬುರುಡಿಗೆ ಎ.ಸಿ. ಗಾಳಿ ಬಡಿಬಾರದು.
ಪೋಸ್ಟರಿನಾಗ ತಬಲಾದವನ ಹೆಸರು ಬಿಟ್ಟಿದ್ದರ
ಪೆನ್ನು ತಗದು ನೀನ ಬರಿ,
ಅಪ್ಪಾ ಬಳವಂತ ಚೌಕದಿಂದ ನದಿ ತನಕಾ, ಒಂದೂ ಬಿಡದಂಗ.
ಮೈಕಿನ ಹುಡುಗನ ಅವ್ವಗ ಮಣಕಾಲ ಬ್ಯಾನಿ, ಕೇಳು.
ಕವರಿನಾಗಿನ ರೊಕ್ಕ ಬಾಯಿಯವರ ಎದುರಿಗೆ ಎಣಿಸಬ್ಯಾಡ.
ಆದರ ಎಣಿಸು.
ಮುಂಬೈ ಕಂಪನಿಯವರು ಒಮ್ಮೆ ಫೋನಿನಾಗ,
'ನಿಮ್ಮ ಬಾಯಿಯವರ ಸ್ಪೆಷಲ್ ಏನ್ರೀ?' ಅಂದರು.
'ಹಾಡತಾರ್ರೀ' ಅಂದೆ. ಲೈನು ಕಟ್ಟಾತು.

ಎದ್ದು ಕಂಡದ್ದು ನಾ ಒಂದ ಸಲ.
ಕೋರೆಗಾಂವ ಪಾರ್ಕಿನಾಗ ಬಿಲ್ಡರನ ಮಗಳ ಲಗ್ನ.
ಬಾಯಿ ಮಾರವಾ ಹಿಡಿದಿದ್ದರು,
ಮಂದಿ ಪಾವ್‌ಭಾಜಿ ಹಿಡಿದಿತ್ತು.
ಚಮಚದ ಸಪ್ಪಳ, ಕಿಸಿಕಿಸಿ ನಗಿ,
ಸ್ಟೇಜಿನ ಬುಡಕ್ಕ ಯಾರಿಗೋ ಫೇಟಾ ಸುತ್ತಾಕತ್ತಿದ್ದರು.
ನನ್ನ ತಲಿ ಕೆಟ್ಟಿತು.
ಸೀದಾ ಹತ್ತಿದೆ, ಲೈಟೆಲ್ಲಾ ನನ್ನ ಮ್ಯಾಲೆ,
ಹಿಂದ ಕೂತ ಹುಡುಗಿ ಕೈಯಿಂದ ತಂಬೂರಿ ಕಸಕೊಂಡು
'ಸಾಕು' ಅಂದೆ ಮೈಕಿನಾಗ.
ಎಂಟುನೂರು ಮಂದಿ ತಿನ್ನೂದು ಬಿಟ್ಟು ನೋಡಿತು.
ಯಾರೋ ಚಪ್ಪಾಳಿನೂ ಹೊಡದರು. ಸುಳ್ಳ್ಯಾಕ ಹೇಳಲಿ,
ಹೊಟ್ಟಿ ತಂಪಾತು.

ಹನ್ನೊಂದು ದಿನ ಬಾಯಿ ಮಾತಾಡಲಿಲ್ಲ.
ಹನ್ನೆರಡನೇ ದಿನ ಬಟಾಣಿ ಸುಲಕೋತ ಅಂದರು:
'ಅವರು ಉಣ್ಣಲಿ ಬಿಡೋ ಹಂಚಿನಾಳ, ಲಗ್ನಕ್ಕ ಬಂದವರು.
ನಾ ಎಲ್ಲಿದ್ದೆ ಅಂತ ನೋಡಿದೇನು?
ಮಾರವಾದಾಗ ಷಡ್ಜ ತಡಾ ಮಾಡಿ ಬರತೈತಿ.
ಅವತ್ತು ಹೊಸ್ತಿಲ ತನಕಾ ಬಂದಿತ್ತು.
ನೀ ಬಾಗಲಾ ಹಾಕಿದಿ.'

ಅಷ್ಟ. ಬೈಲಿಲ್ಲ, ಕಮಿಷನ್ನು ಮುರೀಲಿಲ್ಲ.
ಆ ಲಗ್ನದ ರೊಕ್ಕ ಇನ್ನೂ ಬರೂದೈತಿ,
ಅದು ಬ್ಯಾರೆ ಮಾತು.

ಈಗ ಅವರು ಮಾರವಾ ಎತ್ತಿದರ
ವಿಂಗಿನ ಕರೀ ಪರದೆ ಹಿಡಕೊಂಡು ನಿಲ್ಲತೀನಿ,
ಮೊಬೈಲು ಬೂಟಿನಾಗ ತುರುಕಿ.
ಕೆಲವು ಸಲ ಬರತೈತಿ.
ಕೆಲವು ಸಲ ಬಾಗಲಾ ತನಕಾ ಬಂದು ತಿರಗತೈತಿ.
ಬಂದಾಗ ಸಭಾದಾಗ ಒಬ್ಬರೂ ನನ್ನ ಕಡೆ ನೋಡೂದಿಲ್ಲ,
ಯಾಕ ನೋಡಬೇಕು?

ನಾಳೆ ಸದಾಶಿವ ಪೇಟೆಗೆ ಬಾ. ಮೂರನೇ ಮಜಲು, ಲಿಫ್ಟಿಲ್ಲ.
ಇಪ್ಪತ್ತು ಮಂದಿ ಬೈಠಕ್ಕು, ಜಮಖಾನಿ ನೀನ ಹಾಸಬೇಕು.
ಬಾಯಿಗೆ ಎಪ್ಪತ್ನಾಕು, ನನ್ನ ಬೆನ್ನು ಮಾತು ಕೇಳೂದಿಲ್ಲ,
ತಂಬೂರಿ ಎರಡದಾವು.
ಚಹಾದ ರೊಕ್ಕ ನಾ ಕೊಡತೀನಿ,
ರಸೀದಿ ಇಸಕೋ.